ಪುರಾಣ ಸಾಕು, ಕಥೆ ಎಲ್ಲಿ?



ಯಾರಾದರೂ ವಿಷಯಕ್ಕೆ ಬರದೆ ಸುತ್ತಿ ಬಳಸಿ ಮಾತಾಡುತ್ತಿದ್ದರೆ ನಮ್ಮ ಚಾಮರಾಜನಗರದ ಕಡೆ ‘ನಿನ್ನ ಪುರಾಣ ಸಾಕು, ಏನಾಯ್ತು ಅದ ಹೇಳು’ ಎಂದು ಬಾಯಿ ಮುಚ್ಚಿಸುತ್ತಾರೆ. ಈ ಮಾತನ್ನು ಈಗ ನಮ್ಮ ಸಿನಿಮಾ ಮಾಡುವವರಿಗೆ ಹೇಳಬೇಕಾಗಿದೆ. ಅವರಿಗೆ ಮಾತ್ರವಲ್ಲ, ಶಿಳ್ಳೆ ಹೊಡೆಯುವ ನಿಮಗೂ ಹೇಳಬೇಕಾಗಿದೆ. ಕೋಪ ಮಾಡಿಕೊಳ್ಳಬೇಡಿ, ಪೂರ್ತಿ ಓದಿ.

ಪುರಾಣ ಎಂದು ನಾನು ಹೇಳುತ್ತಿರುವುದು ರಾಮಾಯಣ, ಮಹಾಭಾರತಕ್ಕಲ್ಲ. ಹೀರೋ ಹುಟ್ಟಿದ ರಾತ್ರಿ ಇನ್ನೆಲ್ಲಿ ಏನಾಯಿತು, ಅವನ ಮೈಮೇಲಿನ ಗುರುತು ಯಾವ ಮನೆತನದ್ದು, ಆ ಕೋಟೆಯನ್ನು ಆಳಿದ ಬುಡಕಟ್ಟುಗಳು ಯಾವುವು, ಸಿನಿಮಾ ಮುಗಿದು ಹೆಸರುಗಳು ಸರಿದ ಮೇಲೆ ತೋರಿಸಿದ ಕಡತದಲ್ಲಿ ಏನಿತ್ತು, ಈ ಸಿನಿಮಾದ ಖಳ ಆ ಸಿನಿಮಾದ ಖಳನಿಗೆ ಏನಾಗಬೇಕು. ಇಂಗ್ಲಿಷಿನವರು ಇದಕ್ಕೆ ‘ಲೋರ್’ ಅನ್ನುತ್ತಾರೆ. ಕಥೆ ಬೇರೆ. ಒಬ್ಬ ಮನುಷ್ಯನಿಗೆ ಏನೋ ಬೇಕಾಗಿರುತ್ತದೆ, ಅಡ್ಡಿ ಬರುತ್ತದೆ, ಅವನು ಒಂದು ನಿರ್ಧಾರ ಮಾಡುತ್ತಾನೆ, ಆ ನಿರ್ಧಾರಕ್ಕೆ ಬೆಲೆ ತೆರುತ್ತಾನೆ, ಆಮೇಲೆ ಅವನು ಮೊದಲಿನ ಹಾಗೆ ಉಳಿಯುವುದಿಲ್ಲ. ಅದು ಕಥೆ. ಪುರಾಣ ಕಥೆಗೆ ಹಿನ್ನೆಲೆಯಾಗಬೇಕು. ಈಗ ಹಿನ್ನೆಲೆಯೇ ಮುಂದೆ ಬಂದು ನಿಂತಿದೆ, ಮನುಷ್ಯ ಕಾಣೆಯಾಗಿದ್ದಾನೆ.

ನನ್ನದು ಮುದ್ರಣಾಲಯ. ಪಿ.ಯು.ಸಿ.ಗೆ ಓದು ನಿಲ್ಲಿಸಿ ಮೊಳೆ ಜೋಡಿಸಲು ಕೂತವನು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಜಾತ್ರೆಯ ಕರಪತ್ರದ ಜೊತೆಗೆ ಅಭಿಮಾನಿ ಸಂಘಗಳ ಬ್ಯಾನರು, ಪೋಸ್ಟರುಗಳೂ ನನ್ನ ಕೈದಾಟಿ ಹೋಗುತ್ತವೆ. ಅದರಲ್ಲಿ ನಲವತ್ತು ಮುಖ ಇರುತ್ತದೆ, ನಾಯಕನಿಗೆ ನಾಲ್ಕು ಬಿರುದು ಇರುತ್ತದೆ. ಇದುವರೆಗೆ ಒಂದೇ ಒಂದು ಬ್ಯಾನರಿನಲ್ಲಿ ಕಥೆ ಬರೆದವನ ಹೆಸರು ಹಾಕಿ ಎಂದು ಯಾರೂ ಕೇಳಿಲ್ಲ. ಒಮ್ಮೆ ಗುಂಡ್ಲುಪೇಟೆಯ ಒಬ್ಬ ಹುಡುಗ ಪ್ರೂಫ್ ನೋಡಲು ಬಂದವನು ‘ಕೆ.ಜಿ.ಎಫ್.’ಗೂ ‘ಸಲಾರ್’ಗೂ ಇರುವ ನಂಟನ್ನು ಅರ್ಧ ಗಂಟೆ ವಿವರಿಸಿದ. ಇಸವಿ, ಊರು, ಗಾಡಿಯ ನಂಬರು ಎಲ್ಲ ಬಾಯಿಪಾಠ. ‘ಎಲ್ಲ ಸರಿ ಕನಪ್ಪ, ಆ ಮನುಷ್ಯಂಗೆ ಕೊನೆಗೆ ಏನಾಯ್ತು, ಅವನು ಏನು ಕಲಿತ?’ ಎಂದೆ. ‘ಅದು ಬುಡಣ್ಣ, ಮುಂದಿನ ಭಾಗದಲ್ಲಿ ಗೊತ್ತಾಯ್ತದೆ’ ಅಂದ.

ಆ ಹುಡುಗ ದಡ್ಡನಲ್ಲ. ಡಿಗ್ರಿ ಮುಗಿಸಿ ನಂಜನಗೂಡಿನ ಕಾರ್ಖಾನೆಗೆ ಬೆಳಗಿನ ಬಸ್ಸು ಹಿಡಿಯುವವನು. ಕೆಲಸದ ಜಾಗದಲ್ಲಿ ಅವನ ಮಾತನ್ನು ಕೇಳುವವರಿಲ್ಲ, ಮನೆಯಲ್ಲಿ ಸಾಲದ ಮಾತು. ಆದರೆ ಈ ಒಂದು ವಿಷಯದಲ್ಲಿ ಅವನು ಪಂಡಿತ. ಹತ್ತು ಜನ ಅವನ ಸುತ್ತ ಕೂರುತ್ತಾರೆ. ಕಥೆ ಅವನಿಗೆ ಈ ಪಟ್ಟ ಕೊಡುವುದಿಲ್ಲ. ಕಥೆಯ ಮುಂದೆ ಎಲ್ಲರೂ ಒಂದೇ, ಅಳುವವನು ಅಳುತ್ತಾನೆ, ನಗುವವನು ನಗುತ್ತಾನೆ, ಅಷ್ಟೇ. ಪುರಾಣದಲ್ಲಿ ಮಾತ್ರ ಗೊತ್ತಿರುವವನು, ಗೊತ್ತಿಲ್ಲದವನು ಎಂಬ ಮೇಲು ಕೀಳು ಇದೆ. ಜೊತೆಗೆ ಪುರಾಣಕ್ಕೆ ನೀವೂ ಒಂದು ಎಳೆ ಸೇರಿಸಬಹುದು. ತಪ್ಪು ಎಂದು ಹೇಳಲು ಯಾರಿಗೂ ಆಗುವುದಿಲ್ಲ, ಯಾಕೆಂದರೆ ಉತ್ತರ ಇನ್ನೂ ಬಂದಿಲ್ಲ! ಯುವಕನಿಗೆ ಊರಿನಲ್ಲಿ ಸಿಗದ ಮರ್ಯಾದೆ ಅಲ್ಲಿ ಸಿಗುತ್ತದೆ ಎಂದರೆ ಅವನನ್ನು ನೋಡಿ ನಗುವ ಹಕ್ಕು ನಮಗಿಲ್ಲ. ಆದರೆ ಅವನ ಈ ಹಸಿವನ್ನೇ ಬಂಡವಾಳ ಮಾಡಿಕೊಂಡವರನ್ನು ಪ್ರಶ್ನಿಸುವ ಹಕ್ಕು ಇದೆ.

‘ಕೆ.ಜಿ.ಎಫ್.’ ಮೊದಲ ಭಾಗ ಬಂದದ್ದು 2018ರ ಡಿಸೆಂಬರಿನಲ್ಲಿ, ಎರಡನೆಯದು 2022ರ ಏಪ್ರಿಲಿನಲ್ಲಿ. ಕನ್ನಡದ ಚಿತ್ರವೊಂದು ದೇಶದ ಮೂಲೆ ಮೂಲೆಯಲ್ಲಿ ಓಡಿತು ಎಂದು ನಾವೆಲ್ಲ ಎದೆ ಉಬ್ಬಿಸಿದೆವು. ಆ ಹೆಮ್ಮೆಯನ್ನು ನಾನು ವಾಪಸ್ ತೆಗೆದುಕೊಳ್ಳುತ್ತಿಲ್ಲ. ಆದರೆ ಆ ಚಿತ್ರವನ್ನು ಸ್ವಲ್ಪ ನಿಂತು ನೋಡಿ. ಸಾಯುತ್ತಿರುವ ತಾಯಿಗೆ ಮಗ ಮಾತು ಕೊಡುತ್ತಾನೆ. ದೊಡ್ಡವನಾಗುತ್ತಾನೆ, ಮಾತನ್ನು ಉಳಿಸಿಕೊಳ್ಳುತ್ತಾನೆ, ಕೊನೆಗೆ ಚಿನ್ನದ ಜೊತೆ ಸಮುದ್ರದಲ್ಲಿ ಮುಳುಗುತ್ತಾನೆ. ಎರಡು ಭಾಗ ಕಳೆದರೂ ಆ ಮಾತಿನ ಮೇಲೆ ಅವನಿಗೆ ಒಂದು ದಿನವೂ ಗಟ್ಟಿಯಾದ ಅನುಮಾನ ಬರುವುದಿಲ್ಲ. ತಾಯಿ ಕೇಳಿದ್ದು ಸರಿಯೇ, ಹೀಗೆ ಬದುಕಲೆಂದೇ ಅವಳು ಹೇಳಿದ್ದಳೇ ಎಂದು ಅವನು ನಿದ್ದೆಗೆಟ್ಟು ಕೂರುವುದಿಲ್ಲ. ಅವನ ಬಗ್ಗೆ ಉಳಿದವರೆಲ್ಲ ಮಾತಾಡುತ್ತಾರೆ. ಮೊದಲ ಭಾಗದಲ್ಲಿ ಅನಂತನಾಗ್, ಎರಡನೆಯದರಲ್ಲಿ ಪ್ರಕಾಶ್ ರೈ ಪುಸ್ತಕ ಹಿಡಿದು ಅವನ ಮಹಿಮೆ ಹೇಳುತ್ತಾರೆ. ಅವನು ನಡೆದು ಬರುತ್ತಾನೆ.

ಇದೇ ಭಾಷೆಯ ಮಾತು, ಇದೇ ಬಲಗೈ ಆಣೆ, ನಮ್ಮ ಜಿಲ್ಲೆಯ ಹಾಡಿನಲ್ಲಿ ಹೇಗಿದೆ ನೋಡೋಣ. ಮಲೆ ಮಾದಪ್ಪನ ಕಥೆಯನ್ನು ಕಂಸಾಳೆಯ ದೇವರಗುಡ್ಡರು ರಾತ್ರಿಯಿಡೀ ಹಾಡುತ್ತಾರೆ. ಆ ಕಥೆಗೆ ಒಂದೊಂದು ‘ಸಾಲು’. ಅದರಲ್ಲಿ ಸಂಕಮ್ಮನ ಸಾಲು ಕೇಳದವರು ಹಳಬರಲ್ಲಿ ಕಡಿಮೆ. ಸಂಕಮ್ಮನಿಗೆ ಮಕ್ಕಳಿಲ್ಲ. ಗಂಡ ನೀಲೇಗೌಡ ಕಾಡಿಗೆ ಜೇನಿಗೆ ಹೊರಡಬೇಕು. ಹೆಂಡತಿಯ ಮೇಲೆ ಅನುಮಾನ. ನಾನು ಬರುವವರೆಗೆ ತಪ್ಪು ಮಾಡುವುದಿಲ್ಲ ಎಂದು ಬಲಗೈ ಭಾಷೆ ಕೊಡು ಅನ್ನುತ್ತಾನೆ. ಅವಳು ಕೊಡುವುದಿಲ್ಲ! ತಪ್ಪೇ ಮಾಡದ ನಾನು ಯಾಕೆ ಭಾಷೆ ಕೊಡಲಿ ಎನ್ನುವುದು ಅವಳ ನಿಲುವು. ಭಾಷೆ ಕೊಟ್ಟುಬಿಟ್ಟಿದ್ದರೆ ಕಷ್ಟವೇ ಇರಲಿಲ್ಲ, ಗಂಡ ಖುಷಿಯಾಗಿ ಹೋಗುತ್ತಿದ್ದ, ಹಾಡೂ ಅಲ್ಲಿಗೇ ಮುಗಿಯುತ್ತಿತ್ತು. ಕೊಡದೆ ಹೋದದ್ದರಿಂದ ಹಿಂಸೆ, ಮಾಟ, ಬಂಧನ. ಅವಳ ಗೋಳು ಕೇಳಿ ಮಾದಪ್ಪ ಬರುತ್ತಾನೆ. ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳಾಗುತ್ತಾರೆ. ಹಾಡುವವರು ಬದಲಾದಂತೆ ವಿವರ ಬದಲಾಗುತ್ತದೆ, ಆ ಹೆಣ್ಣಿನ ‘ಇಲ್ಲ’ ಎಂಬ ಮಾತು ಬದಲಾಗುವುದಿಲ್ಲ.

ಒಂದು ಕಡೆ ಎರಡು ಭಾಗದ ಸಿನಿಮಾ ಒಂದು ಆಣೆಯನ್ನು ಹೊಗಳುತ್ತದೆ. ಇನ್ನೊಂದು ಕಡೆ ಶಾಲೆಯ ಮೆಟ್ಟಿಲು ಹತ್ತದ ಹಾಡುಗಾರರು ಒಂದು ಆಣೆಯನ್ನು ಪ್ರಶ್ನೆ ಮಾಡಿ ರಾತ್ರಿಯಿಡೀ ಊರನ್ನು ಎಚ್ಚರವಾಗಿ ಕೂರಿಸುತ್ತಾರೆ. ದೇವರ ಮಹಿಮೆ ಹೇಳಲು ಹೊರಟ ಹಾಡಿನಲ್ಲೂ ಒಬ್ಬಳು ಸಾಮಾನ್ಯ ಹೆಂಗಸಿನ ನಿರ್ಧಾರವೇ ನಡುಗಂಬ. ಮಾದಪ್ಪನಿಗೆ ಪುರಾಣ ಕಡಿಮೆಯೇ? ಬೆಟ್ಟಕ್ಕೊಂದು, ಬಂಡೆಗೊಂದು, ಹುಲಿ ಹಾವಿಗೊಂದು ಇದೆ. ಆದರೂ ಹಾಡುವವರು ಅದನ್ನು ಬೇರಿನಂತೆ ಕೆಳಗೆ ಇಟ್ಟರು.

ಮಂಟೇಸ್ವಾಮಿಯ ಸಾಲುಗಳೂ ಹಾಗೇ. ನೀಲಗಾರರು ತಂಬೂರಿ ಹಿಡಿದು ಸಿದ್ಧಪ್ಪಾಜಿಯನ್ನು ಹಾಡುವಾಗ, ಗುರು ಅವನನ್ನು ಹಲಗೂರಿನ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಕಳಿಸುವ ಭಾಗ ಬಂದರೆ ಕೇಳುವವರು ಮುಂದಕ್ಕೆ ಬಾಗುತ್ತಾರೆ. ಕೊಡುತ್ತಾರೋ ಇಲ್ಲವೋ, ಇವನು ತಡೆದುಕೊಳ್ಳುತ್ತಾನೋ ಇಲ್ಲವೋ ಎಂಬುದೇ ಮುಂದಿನ ಮಾತು. ಇಲ್ಲೂ ಒಂದು ‘ಲೋಕ’ವೇ ಇದೆ, ಇಂದಿನವರು ಹೇಳುವ ಯೂನಿವರ್ಸು. ನೂರಾರು ಪುಟದ ಲೋಕ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1990ರ ದಶಕದಲ್ಲಿ ಇದನ್ನೂ ಮಾದೇಶ್ವರ ಕಾವ್ಯವನ್ನೂ ದಪ್ಪ ಗ್ರಂಥಗಳಾಗಿ ತಂದಿತು. ಆದರೆ ಒಂದು ಸಾಲು ಹಿಡಿದರೆ ಅದನ್ನು ದಡ ಸೇರಿಸಿಯೇ ಹಾಡುಗಾರ ತಂಬೂರಿ ಕೆಳಗಿಡುತ್ತಾನೆ. ಇಲ್ಲಿ ಮುಳುಗಿಸಿ, ‘ಮುಂದಿನ ಭಾಗ ಮೂರು ವರ್ಷಕ್ಕೆ’ ಎಂದು ಎದ್ದು ಹೋಗುವುದಿಲ್ಲ.

ಇನ್ನು ಆ ಚಿನ್ನದ ಗಣಿಯ ವಿಷಯ. ಸಿನಿಮಾದ ‘ನರಾಚಿ’ ಕಲ್ಪನೆ. ಹೆಸರು ಮಾತ್ರ ನಿಜವಾದ ಊರಿನದು. ಆ ನಿಜವಾದ ಕೆ.ಜಿ.ಎಫ್.ನಲ್ಲಿ ಏನು ನಡೆಯಿತು? 1880ರಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಬಂತು. 1902ರಲ್ಲಿ ನಮ್ಮ ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಿಂದ ಕಾವೇರಿಯ ವಿದ್ಯುತ್ತು ತಂತಿಯ ಮೇಲೆ ಅಷ್ಟು ದೂರ ಹೋಗಿ ಗಣಿಗೆ ಬೆಳಕು ಕೊಟ್ಟಿತು. ಕಾವೇರಿ ದಡದ ಹಳ್ಳಿಗಳು ಆಗ ಬುಡ್ಡಿ ದೀಪದಲ್ಲೇ ಇದ್ದವು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಮನುಷ್ಯರು ಇಳಿದರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಸತ್ತರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮರುದಿನ ಬೆಳಿಗ್ಗೆ ಎದ್ದ ಗಣಿ ಕಾರ್ಮಿಕ ಎಲ್ಲಿಗೆ ಹೋದ? ಅವನ ಮಗ ಬೆಂಗಳೂರಿನ ರೈಲು ಹತ್ತಿದನೇ? ಕಥೆ ಇರುವುದು ಇಲ್ಲಿ. ಆ ಕಾರ್ಮಿಕರನ್ನು ನಡುವೆ ನಿಲ್ಲಿಸಿ ‘ತಂಗಲಾನ್’ ಎಂಬ ಚಿತ್ರ ಬಂದದ್ದು 2024ರ ಆಗಸ್ಟಿನಲ್ಲಿ. ಮಾಡಿದವರು ತಮಿಳಿನ ಪಾ. ರಂಜಿತ್. ಅದರಲ್ಲೂ ಮಾಟ ಮಂತ್ರ ಬೇಕಾದಷ್ಟಿದೆ, ಆದರೂ ಗುದ್ದಲಿ ಹಿಡಿದವನು ಅಲ್ಲಿ ಗುಂಪಿನ ಮೂಲೆಯಲ್ಲಿಲ್ಲ. ನಮ್ಮ ನೆಲದ ಚಿನ್ನ ಅಗೆದವರ ಕಥೆಯನ್ನು ಪಕ್ಕದವರು ಹೇಳಿದರು ಎಂದು ಹೊಟ್ಟೆ ಉರಿದುಕೊಳ್ಳುವುದು ಸುಲಭ. ಅವರ ಹಿರಿಯರೇ ಅಲ್ಲಿ ದುಡಿದವರು, ಅವರು ಹೇಳಿದರು. ನಾವು ಹೇಳಲು ಕೈ ಹಿಡಿದವರು ಯಾರು?

ಮಾಡುವವರಿಗೆ ಪುರಾಣ ಯಾಕೆ ಇಷ್ಟ ಎಂಬುದು ಗುಟ್ಟೇನಲ್ಲ. ಕಥೆ ಚೆನ್ನಾಗಿದೆಯೋ ಇಲ್ಲವೋ ಎಂಬುದು ಕೊನೆಯ ರೀಲಿನಲ್ಲಿ ಗೊತ್ತಾಗುತ್ತದೆ. ಪುರಾಣವನ್ನು ಮೊದಲ ಟೀಸರಿನಲ್ಲೇ ಮಾರಬಹುದು. ಮುಗಿಸುವ ಜವಾಬ್ದಾರಿಯೂ ಇಲ್ಲ, ಪ್ರಶ್ನೆ ಎಬ್ಬಿಸಿದರೆ ಸಾಕು, ಉತ್ತರವನ್ನು ಅಭಿಮಾನಿಗಳೇ ಪುಕ್ಕಟೆಯಾಗಿ ಹುಟ್ಟಿಸುತ್ತಾರೆ. ಇದು ಅಮೆರಿಕದವರು ಕಲಿಸಿದ ವ್ಯಾಪಾರ. 1977ರ ‘ಸ್ಟಾರ್ ವಾರ್ಸ್’ ಚಿತ್ರದಲ್ಲಿ ಹಳೆಯ ಯುದ್ಧವೊಂದರ ಹೆಸರು ಮಾತಿನ ನಡುವೆ ಬಂದು ಹೋಗುತ್ತದೆ. ಅಲ್ಲಿಗೆ ಅಷ್ಟೇ ಸಾಕಿತ್ತು. ಆ ಹೆಸರಿನ ಬೆನ್ನು ಹತ್ತಿ ಆಮೇಲೆ ಸಿನಿಮಾ, ಧಾರಾವಾಹಿ, ಆಟಿಕೆಗಳ ಅಂಗಡಿಯೇ ತೆರೆಯಿತು.

ನಮ್ಮಲ್ಲಿ ಇನ್ನೊಂದು ಕಾರಣವೂ ಸೇರಿದೆ, ಅದು ಭಾಷೆಯದು. ಐದು ಭಾಷೆಯಲ್ಲಿ ಒಂದೇ ದಿನ ಬಿಡುಗಡೆ ಮಾಡಬೇಕು. ಬಿಲ್ಡಪ್ಪಿನ ಮಾತು ಯಾವ ಭಾಷೆಗೂ ಒಗ್ಗುತ್ತದೆ. ಆದರೆ ಒಬ್ಬ ಗುಂಡ್ಲುಪೇಟೆಯ ರೈತ ಬಾಳೆಗೆ ಬೆಲೆ ಬೀಳುವಾಗ ಮಗಳ ಮದುವೆಯ ಮಾತು ಎತ್ತುವ ರೀತಿ, ಸಿಟ್ಟನ್ನು ನುಂಗಿ ‘ಆಯ್ತು ಬುಡು’ ಅನ್ನುವ ರೀತಿ, ಅದು ಹಿಂದಿಗೆ ಹೋಗುವುದಿಲ್ಲ ಎಂದು ನಿರ್ಮಾಪಕರಿಗೆ ಭಯ. ಹಾಗಾಗಿ ರೈತನನ್ನೇ ತೆಗೆದು ಸಾಮ್ರಾಜ್ಯ ಹಾಕುತ್ತಾರೆ. ಸಾಮ್ರಾಜ್ಯದಲ್ಲಿ ಯಾರೂ ಮನೆಮಾತು ಆಡುವುದಿಲ್ಲ, ಎಲ್ಲರೂ ಘೋಷಣೆ ಕೂಗುತ್ತಾರೆ. ಕನ್ನಡ ಉಳಿಯಬೇಕು ಎಂದು ಬೀದಿಗಿಳಿಯುವ ಗೆಳೆಯರೇ, ಕನ್ನಡ ಉಳಿಯುವುದು ನಾಮಫಲಕದಲ್ಲಿ ಮಾತ್ರವಲ್ಲ. ತೆರೆಯ ಮೇಲೆ ಗಂಡ ಹೆಂಡತಿ ಜಗಳವಾಡುವ ಕನ್ನಡ ಸತ್ತರೆ ನಾವು ಯಾವ ಕಛೇರಿಗೆ ಮುತ್ತಿಗೆ ಹಾಕುವುದು?

ಆ ಭಯ ಸುಳ್ಳು ಎಂದು ತೋರಿಸಿದ ಚಿತ್ರವೂ ನಮ್ಮದೇ. ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಮೊದಲು ಕನ್ನಡದಲ್ಲಿ ಮಾತ್ರ ಬಂತು. ಅದೂ ಕರಾವಳಿಯ ಕುಂದಾಪುರದ ಕಡೆಯ ಕನ್ನಡದಲ್ಲಿ. ಜನ ಮುಗಿಬಿದ್ದ ಮೇಲೆ ಅಕ್ಟೋಬರಿನಲ್ಲಿ ಬೇರೆ ಭಾಷೆಗಳಿಗೆ ಹೋಯಿತು. ಅದರಲ್ಲೂ ದೈವದ ಐತಿಹ್ಯ ತುಂಬಿತ್ತು. ಆದರೆ ಶಿವ ಎಂಬ ಹುಡುಗ ದೈವಕ್ಕೆ ಹೆದರಿ ಬೆಚ್ಚಿ ಏಳುತ್ತಿದ್ದ, ಅದರಿಂದ ತಪ್ಪಿಸಿಕೊಳ್ಳುತ್ತಿದ್ದ. ಯಾರನ್ನು ನಂಬಬೇಕು ಎಂದು ತಿಳಿಯದೆ ತಪ್ಪು ಮನುಷ್ಯನನ್ನು ನಂಬಿದ. ನಮ್ಮ ಚಾಮರಾಜನಗರದವರಿಗೆ ಭೂತಕೋಲ ಗೊತ್ತಿಲ್ಲ, ಆ ಮಾತೂ ಅರ್ಧ ಅರ್ಥವಾಗುವುದಿಲ್ಲ. ಭಯ ಅರ್ಥವಾಯಿತು. 2025ರ ಅಕ್ಟೋಬರ್ 2ಕ್ಕೆ ಬಂದ ‘ಕಾಂತಾರ ಚಾಪ್ಟರ್ 1’ ಹಿಂದಕ್ಕೆ ಹೋಗಿ ಕದಂಬರ ಕಾಲದಲ್ಲಿ ಎಲ್ಲದಕ್ಕೂ ಮೂಲ ತೋರಿಸಿತು. ವೈಭವಕ್ಕೆ ಕೊರತೆ ಇರಲಿಲ್ಲ, ಕಣ್ಣು ತುಂಬಿತು. ಮೊದಲ ಚಿತ್ರದ ಆ ಹೆದರಿದ ಹುಡುಗನನ್ನು ನಾನು ಅದರಲ್ಲಿ ಹುಡುಕಿದೆ, ಸಿಗಲಿಲ್ಲ. ನಿಮಗೆ ಸಿಕ್ಕಿದ್ದರೆ ಪತ್ರ ಬರೆಯಿರಿ.

ಸಿನಿಮಾದ ಮಾತು ಇಷ್ಟಕ್ಕೇ ನಿಂತಿದ್ದರೆ ಸಂಪಾದಕೀಯದ ಜಾಗ ತಿನ್ನುತ್ತಿರಲಿಲ್ಲ. ಪುರಾಣದ ಚಟ ಊರಿಗೆ ಏನು ಮಾಡುತ್ತದೆ ಎಂಬುದಕ್ಕೆ ನಮ್ಮ ಜಿಲ್ಲಾ ಕೇಂದ್ರಕ್ಕಿಂತ ಬೇರೆ ಸಾಕ್ಷಿ ಬೇಡ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಪುರಾಣ ನಿಮಗೆಲ್ಲ ಗೊತ್ತು. ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಟೀ ಅಂಗಡಿಯಲ್ಲಿ ಜಪಮಣಿ ಎಣಿಸಿದಂತೆ ಎಣಿಸುತ್ತಿದ್ದರು. 1997ರಲ್ಲಿ ಜಿಲ್ಲೆಯಾದಾಗಲೂ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ಪಟ್ಟಣದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಕುಮಾರಸ್ವಾಮಿ 2007ರಲ್ಲಿ ಬಂದರು, ಅದೇ ವರ್ಷ ಅಧಿಕಾರ ಹೋಯಿತು, ಮಣಿಗೆ ಇನ್ನೊಂದು ಮಣಿ ಸೇರಿತು. ಸಿದ್ದರಾಮಯ್ಯ 2013ರಿಂದ ಮತ್ತೆ ಮತ್ತೆ ಬಂದು ಐದು ವರ್ಷ ಪೂರೈಸಿದರು. ಆಗಲಾದರೂ ಪುರಾಣ ಸತ್ತಿತೇ? ‘ಅವರು ದೇವರ ನಂಬಲ್ಲ ಕನಣ್ಣ, ಅದಕ್ಕೇ ತಟ್ಟಿಲ್ಲ’ ಎಂದು ನಮ್ಮವರೇ ಹೊಸ ಅಧ್ಯಾಯ ಕಟ್ಟಿದರು! ಪುರಾಣಕ್ಕೆ ಸೋಲಿಲ್ಲ, ಯಾಕೆಂದರೆ ಅದು ಯಾವ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲ.

ಈ ಶಾಪದ ಪುರಾಣದಿಂದ ಅನುಕೂಲವಾದದ್ದು ಯಾರಿಗೆ? ಬರದೆ ಇರಲು ನೆಪ ಬೇಕಾಗಿದ್ದವರಿಗೆ. ಮುಖ್ಯಮಂತ್ರಿ ಬಾರದ ಊರಿನ ಕಡತಕ್ಕೆ ಯಾವ ವೇಗ ಇರುತ್ತದೆ ಎಂದು ಕಛೇರಿ ಸುತ್ತಿದವರಿಗೆ ಗೊತ್ತು. 2021ರ ಮೇ 2ರ ರಾತ್ರಿಯಿಂದ ಮರುದಿನದವರೆಗೆ, ಕೊರೋನಾ ಎರಡನೆಯ ಅಲೆಯಲ್ಲಿ, ಆಮ್ಲಜನಕದ ಕೊರತೆಯ ನಡುವೆ ನಮ್ಮ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತರೆಂಬ ಸುದ್ದಿ ದೇಶವೆಲ್ಲ ಹರಡಿತು. ಅವರು ಯಾವ ಊರಿನವರು, ಹೊರಗೆ ಕಾಯುತ್ತಿದ್ದವರು ಯಾರು, ಆ ರಾತ್ರಿ ಫೋನು ಹಿಡಿದು ಸಿಲಿಂಡರಿಗೆ ಅಂಗಲಾಚಿದವರು ಯಾರು, ಬದುಕಿ ಬಂದವರು ಈಗ ಹೇಗಿದ್ದಾರೆ? ಶಾಪಕ್ಕೆ ಬಲಿಯಾದ ಮುಖ್ಯಮಂತ್ರಿಗಳ ಹೆಸರು ಬಾಯಿಪಾಠ ಇರುವ ಹುಡುಗರಲ್ಲಿ ಆ ರಾತ್ರಿ ಸತ್ತ ಒಬ್ಬರ ಹೆಸರು ಕೇಳಿ ನೋಡಿ. ಪುರಾಣ ಕಥೆಯನ್ನು ನುಂಗುವುದು ಎಂದರೆ ಇದೇ.

ನಮ್ಮ ಸಿನಿಮಾ ಮೊದಲಿಂದ ಹೀಗಿರಲಿಲ್ಲ. ಹಿಂದೆ ಟೆಂಟಿನ ಮುಂದೆ, ಜಾತ್ರೆಯಲ್ಲಿ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರು. ಅಗ್ಗದ ಕಾಗದ, ಮಸಿ ಕೈಗೆ ಅಂಟುತ್ತಿತ್ತು. ಹಾಡಿಗಿಂತ ಮುಂಚೆ ‘ಕಥಾಸಾರಾಂಶ’ ಎಂದು ಒಂದು ಪುಟ. ಇಂಥವನು ಇದ್ದ, ಹೀಗಾಯಿತು, ಮುಂದೇನು, ಬೆಳ್ಳಿತೆರೆಯ ಮೇಲೆ ನೋಡಿ. ಒಂದು ಪುಟದಲ್ಲಿ ಹೇಳಲು ಕಥೆ ಇತ್ತು. ಇವತ್ತಿನ ಎಷ್ಟು ಸಿನಿಮಾಗಳಿಗೆ ಆ ಪುಟವನ್ನು ಬರೆಯಬಹುದು? ಅಚ್ಚು ಹಾಕುವವನಾಗಿ ಕೇಳುತ್ತಿದ್ದೇನೆ.

ಆ ಕಥೆಗಳು ಬರುತ್ತಿದ್ದದ್ದು ಹೆಚ್ಚಾಗಿ ಕಾದಂಬರಿಯಿಂದ. ಪುಟ್ಟಣ್ಣ ಕಣಗಾಲ್ ತ್ರಿವೇಣಿಯವರಿಂದ ‘ಬೆಳ್ಳಿ ಮೋಡ’, ‘ಶರಪಂಜರ’ ತೆಗೆದುಕೊಂಡರು, ಎಂ.ಕೆ. ಇಂದಿರಾರಿಂದ ‘ಗೆಜ್ಜೆಪೂಜೆ’, ತ.ರಾ.ಸು. ಅವರಿಂದ ‘ನಾಗರಹಾವು’. ನಮ್ಮ ಗಡಿಯಾಚೆಗೆ ಕೂಗಳತೆಯಲ್ಲಿರುವ ಗಾಜನೂರಿನ ರಾಜಣ್ಣನಿಗೆ ಎಷ್ಟು ಬಿರುದು ಎಂದು ನಿಮಗೆ ಗೊತ್ತು. 2000ದಲ್ಲಿ ವೀರಪ್ಪನ್ ಸೆರೆಯಲ್ಲಿ 108 ದಿನ ಇದ್ದರೆಂದೂ ಗೊತ್ತು. ಆದರೆ 1972ರ ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾಯರ ಕಾದಂಬರಿ ಎಂದು ಎಷ್ಟು ಜನರಿಗೆ ಗೊತ್ತು? ಅದರ ರಾಜೀವ ಎಲ್ಲರಿಗಾಗಿ ದುಡಿದು, ತನ್ನವರಿಂದಲೇ ಮಾತು ಕೇಳಿ, ಬರಿಗೈಯಲ್ಲಿ ಊರು ಬಿಟ್ಟು ನಡೆಯುತ್ತಾನೆ. ಅವನು ಯಾವ ವಂಶದವನು, ಯಾವ ಗುರುತು ಹೊತ್ತು ಹುಟ್ಟಿದ ಎಂದು ಯಾರೂ ಕೇಳಲಿಲ್ಲ. ಪಟ್ಟಣದ ಕೆಲಸ ಬಿಟ್ಟು ಬೇಸಾಯಕ್ಕೆ ಮರಳಿದ ಯುವಕರಿದ್ದರು ಎಂದು ಆ ಕಾಲದವರು ಇವತ್ತಿಗೂ ಹೇಳುತ್ತಾರೆ.

ಹಾಗಾದರೆ ಮಾಡಬೇಕಾದದ್ದು ಏನು ಎಂದರೆ, ಬಹಿಷ್ಕಾರ ಅಲ್ಲ. ಸಿನಿಮಾ ನೋಡಿ, ಶಿಳ್ಳೆ ಹೊಡೆಯಿರಿ, ಮಾಡಿದವರನ್ನು ಕೇಳಿ: ಇವನಿಗೆ ಏನು ಬೇಕಾಗಿತ್ತು, ಏನು ಕಳೆದುಕೊಂಡ? ಉತ್ತರವಾಗಿ ಮೂರನೆಯ ಭಾಗದ ದಿನಾಂಕ ಕೊಟ್ಟರೆ ಒಪ್ಪಬೇಡಿ. ಮುಂದಿನ ಬ್ಯಾನರಿಗೆ ಕಥೆ ಬರೆದವನ ಹೆಸರು ಕೊಡಿ, ನಾನು ಅದಕ್ಕೆ ಹೆಚ್ಚಿನ ಕಾಸು ಕೇಳುವುದಿಲ್ಲ.

ಬೆಂಗಳೂರು, ಮೈಸೂರಿನಲ್ಲಿ ಓದುತ್ತಿರುವ, ದುಡಿಯುತ್ತಿರುವ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ಒಂದು ಮಾತು. ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಜಾತ್ರೆ ಪುಷ್ಯ ಹುಣ್ಣಿಮೆಗೆ, ಸಾಮಾನ್ಯವಾಗಿ ಜನವರಿಯಲ್ಲಿ, ಚಂದ್ರಮಂಡಲದಿಂದ ಶುರುವಾಗಿ ಐದು ದಿನ ನಡೆಯುತ್ತದೆ. ರಜೆ ಹಾಕಿ ಬನ್ನಿ. ಚಳಿ ಜಾಸ್ತಿ, ಕಂಬಳಿ ತನ್ನಿ. ನೀಲಗಾರರು ಹಾಡುತ್ತಿರುವ ಕಡೆ ನೆಲದ ಮೇಲೆ ಕೂತು, ಯಾವ ಸಾಲು ಬೇಕೆಂದು ನೀವೇ ಕೇಳಿ. ಮುಗಿಯುವವರೆಗೆ ಏಳಬೇಡಿ. ಬೆಳಗಿನ ಜಾವ ಕೊಳ್ಳೇಗಾಲಕ್ಕೆ ಬಸ್ಸು ಸಿಗುತ್ತದೆ.